ಖಣಿವಾರ್ತೆಯ ಒಂದೇ ಬ್ಲಾಕು

ಅವು ಮುಂಬಯಿಯಲ್ಲಿ ಇನ್ನೂ ಗುಡ್ಡಗಳಿದ್ದ ದಿನಗಳು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಕಾಂದಿವಲಿ ಸ್ಟೇಷನ್ನಿನಿಂದ ಪೂರ್ವಕ್ಕೆ ನಡೆದರೆ ಕಲ್ಲಿನ ಖದಾನು, ಅದರ ಸುತ್ತ ವಿಜಾಪುರ ಕಡೆಯ ಕೂಲಿಗಳ ಜೋಪಡಿಗಳು. ಬಂಡೆಗೆ ಮದ್ದು ತುಂಬಿ ಸುರಂಗ ಸಿಡಿಸುವ ಮುಂಚೆ ಸೀಟಿ ಊದುತ್ತಿದ್ದರು. ಲಗೋರಿ ಬಿಟ್ಟು ನಾವು ಕಿವಿ ಮುಚ್ಚಿಕೊಳ್ಳುತ್ತಿದ್ದೆವು, ಧೂಳು ಇಳಿದ ಮೇಲೆ ಮತ್ತೆ ಆಟ.

ಉಡುಪಿ ಕಡೆಯವರಾದ ನಮ್ಮಪ್ಪ ಫೋರ್ಟಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಹಠಕ್ಕೆ ಬಿದ್ದು ಈ ಖದಾನಿನವರಿಗಾಗಿ 'ಖಣಿವಾರ್ತೆ' ಎಂಬ ವಾರಪತ್ರಿಕೆ ಹೊರಡಿಸುತ್ತಿದ್ದರು. ಅಮ್ಮ ಅದನ್ನು "ನಿಮ್ಮ ಎರಡನೇ ಸಂಸಾರ" ಅನ್ನುತ್ತಿದ್ದಳು. ಭಾನುವಾರ ಪತ್ರಿಕೆಯ ಕಟ್ಟು ಬಿಚ್ಚಿದರೆ ಖೋಲಿಯಲ್ಲೆಲ್ಲ ಶಾಯಿ, ಸೀಮೆಎಣ್ಣೆಯ ವಾಸನೆ. ಹಂಚಲು ಹೋದ ನನಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸಿಗುತ್ತಿತ್ತು. ಜೋಪಡಿಯವರು ಒಂದು ಪ್ರತಿ ಓದಿಸಿ ಕೇಳಿ, ಇನ್ನೊಂದನ್ನು ಊರಿಗೆ ಟಪಾಲಿಗೆ ಹಾಕುತ್ತಿದ್ದರು. ಅಲ್ಲಿ ಶಾಲೆ ಮಾಸ್ತರು ಓದಿ ಹೇಳುತ್ತಿದ್ದರಂತೆ.

ಖದಾನಿನಲ್ಲಿ ಸಾವು ಅಪರೂಪವಲ್ಲ, ಫೋಟೋ ಅಪರೂಪ. ಅಪ್ಪನ ಬಳಿ ಚಿತ್ರ ಅಚ್ಚೊತ್ತಲು ಇದ್ದದ್ದು ಒಂದೇ ಬ್ಲಾಕು: ಯಾವುದೋ ಬೀಡಿ ಜಾಹೀರಾತಿನ ರುಮಾಲು, ದಪ್ಪ ಮೀಸೆಯ ಮುಖ. ಯಾರೇ ಸತ್ತರೂ ಸುದ್ದಿಯ ಮೇಲೆ ಅದೇ ಮುಖ ಅಚ್ಚಾಗುತ್ತಿತ್ತು. ಇಲ್ಲಿನವರಿಗೆಲ್ಲ ಅದು ಗೊತ್ತಿತ್ತು. ಊರಲ್ಲಿರುವವರಿಗೆ ಗೊತ್ತಿದೆಯೇ ಎಂದು ಯಾರೂ ಯೋಚಿಸಿರಲಿಲ್ಲ.

ಒಂದು ಬೇಸಿಗೆಯಲ್ಲಿ ಸೀಟಿಗೆ ಮುಂಚೆಯೇ ಸುರಂಗ ಸಿಡಿದು ಭೀಮಶಿ ಸತ್ತ. ತಾಯಿಯನ್ನು ಊರಲ್ಲಿ ಬಿಟ್ಟು ಕೂಲಿಗೆ ಬಂದಿದ್ದ, ಬಿಡುವಿದ್ದಾಗ ನಮ್ಮ ಜೊತೆ ಲಗೋರಿ ಆಡುತ್ತಿದ್ದ ಹುಡುಗ. ಅದೇ ಸಂಜೆ ಸುಟ್ಟು ಬಂದರು. ಪತ್ರಿಕೆ ಊರು ಮುಟ್ಟಿ, ಅವನ ತಾಯಿ ನೀಲವ್ವ ರೈಲು ಹತ್ತಿ ಬಂದಳು. ಅಳುತ್ತ ಅಲ್ಲ, ನಗುತ್ತ.

"ಇಂವ ನನ್ನ ಮಗ ಅಲ್ರೀ ಮಾಸ್ತರ್ರ," ಅಂದಳು ಅಪ್ಪನಿಗೆ, ಪತ್ರಿಕೆ ಬಿಡಿಸಿ. "ನನ್ನ ಭೀಮಶಿಗೆ ಇನ್ನೂ ಮೀಸೀನ ಬಂದಿಲ್ಲ. ಸತ್ತಂವ ಬ್ಯಾರೆ ಯಾರೋ ಭೀಮಶಿ."

"ಅಮ್ಮಾ, ಅವನ ಫೋಟೋ ನಮ್ಮಲ್ಲಿ ಇರ್ಲಿಲ್ಲ. ತೀರಿಹೋದದ್ದು ಅವನೇ."

"ಪೇಪರ್‌ನ್ಯಾಗ ಸುಳ್ಳ ಬರತೈತೇನ್ರೀ?"

ಅಪ್ಪ ಭೀಮಶಿಯ ಬಟ್ಟೆಗಂಟು ತಂದು ಮುಂದಿಟ್ಟರು. ಮಗ ಬಿಟ್ಟು ಹೋಗಿದ್ದಾನೆ, ತಗೊಳ್ಳಲು ಬರುತ್ತಾನೆ ಅಂದಳು.

ಮುಂದಿನ ವಾರ ಅಪ್ಪ ದಪ್ಪ ಅಕ್ಷರದಲ್ಲಿ ತಿದ್ದುಪಡಿ ಹಾಕಿದರು: ಚಿತ್ರ ಭೀಮಶಿಯದಲ್ಲ, ಆದರೆ ಸತ್ತವನು ಭೀಮಶಿಯೇ. ನೀಲವ್ವನಿಗೆ ಓದಿ ಹೇಳಲು ನನ್ನನ್ನು ಕಳಿಸಿದರು. ಅರ್ಧ ಓದುವುದರೊಳಗೆ ಅವಳು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

"ಸಾಕ ಬಿಡವ್ವಾ. ಚಿತ್ರ ಅವಂದಲ್ಲ ಅಂತ ಪೇಪರ್‌ನ್ಯಾಗೂ ಬಂತಲ್ಲ."

"ಇನ್ನು ನನ್ನಿಂದ ಆಗುದಿಲ್ಲ," ಅಂದರು ಅಪ್ಪ ಆ ರಾತ್ರಿ. ಖಣಿವಾರ್ತೆ ಅಲ್ಲಿಗೆ ನಿಂತಿತು. ಅಮ್ಮನೂ ಚೇಷ್ಟೆ ಮಾಡಲಿಲ್ಲ.

ನೀಲವ್ವ ಊರಿಗೆ ಹೋಗಲಿಲ್ಲ. ಅದೇ ಖದಾನಿನಲ್ಲಿ ಜಲ್ಲಿ ಒಡೆಯುತ್ತ, ರಜೆಯ ದಿನ ಬೇರೆ ಖದಾನುಗಳಿಗೆ ಹುಡುಕಿಕೊಂಡು ಹೋಗುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ಮಗ ಹೇಗಿರಲಿಲ್ಲ ಎಂದು ತೋರಿಸುವ ಚಿತ್ರ ಮಾತ್ರ.

ಈಗ ಗುಡ್ಡವಿಲ್ಲ, ಖದಾನಿನ ಹೊಂಡ ತುಂಬಿಸಿ ಬಿಲ್ಡಿಂಗು ಎಬ್ಬಿಸಿದ್ದಾರೆ. ಅಪ್ಪ ಹೋದರು. ಅಚ್ಚಾದ ಅಕ್ಷರವನ್ನು ಅಷ್ಟು ನಂಬುವ ಜನವೂ ಹೋದರು. ಅವರಿಗಿಂತ ಎಷ್ಟೋ ಮೊದಲು, ಒಂದು ಮಳೆಗಾಲದಲ್ಲಿ ನೀಲವ್ವ ಜ್ವರ ಬಂದು ಸತ್ತಳು. ಅದನ್ನು ಅವಳ ಊರಿಗೆ ತಿಳಿಸಲು ಪತ್ರಿಕೆ ಇರಲಿಲ್ಲ. ಅವಳು ಮರಳಿ ಬಾರದ್ದಕ್ಕೆ ಮಗ ಸಿಕ್ಕಿರಬೇಕು, ತಾಯಿ ಮಗ ಇಬ್ಬರೂ ಮುಂಬಯಿಯಲ್ಲಿ ಸುಖವಾಗಿದ್ದಾರೆ ಎಂದೇ ಆ ಊರು ಬಹಳ ವರ್ಷ ನಂಬಿತ್ತಂತೆ.