ಲೈನಿಗೆ ಹಾಕಿದ ಮಗ್ಗಿ ಪದ

ಕರೆಂಟು ಹೋಗಬಹುದಿತ್ತು. ಕರೆಂಟಿದ್ದರೂ ರೆಕಾರ್ಡರ್ ಆನ್ ಆಗದೆ ಹೋಗಬಹುದಿತ್ತು. ಆನ್ ಆದ ಮೇಲೆ ಮೆಮೊರಿ ಕಾರ್ಡ್ ತುಂಬಿದೆ ಎನ್ನಬಹುದಿತ್ತು. ಕೀಬೋರ್ಡಿನ ವಯರಿನ ಪಿನ್ನು ದಪ್ಪವಾಗಿ, ರೆಕಾರ್ಡರಿನ ತೂತು ಸಣ್ಣದಾಗಿರಬಹುದಿತ್ತು. ಹಾರ್ಮೋನಿಯಮ್ಮಿನ ಮೈಕಿಗೆ ಬರೀ ತಬಲಾ ಕೇಳಿಸಿ, ತಬಲಾದ ಮೈಕಿಗೆ ಪಕ್ಕದ ಮನೆಯ ಕುಕ್ಕರ್ ಕೇಳಿಸಬಹುದಿತ್ತು. ತಬಲಾ ನುಡಿಸುವವನ ಬೈಕು ಗುಡೇಕೋಟೆಯಿಂದ ಬರುವ ದಾರಿಯಲ್ಲಿ ಪಂಕ್ಚರ್ ಆಗಬಹುದಿತ್ತು. ಎಲ್ಲ ಸರಿಹೋಗಿ, ಕಡೆಗೆ ನಾನು ಕೆಂಪು ಬಟನ್ ಒತ್ತುವುದನ್ನೇ ಮರೆಯಬಹುದಿತ್ತು. ಇದನ್ನೆಲ್ಲ ಹಿಂದಿನ ದಿನವೇ ಒಂದು ಹಾಳೆಯ ಎರಡೂ ಬದಿಗೆ ಬರೆದಿಟ್ಟುಕೊಂಡಿದ್ದೆ. ಹಾಳೆ ಕಳೆದುಹೋಗಬಹುದೆಂದು ಅದರ ಫೋಟೊ ಕೂಡ ತೆಗೆದಿದ್ದೆ.

ಹೆದರಲು ಕಾರಣವಿತ್ತು. ಕೊಟ್ಟೂರಿನಲ್ಲಿರುವ ನನ್ನ ಅಕ್ಕನಿಗೆ ಗಂಟಲಿನ ಆಪರೇಷನ್ ನಿಗದಿಯಾಗಿತ್ತು. ದನಿ ಮೊದಲಿನ ಹಾಗೇ ಉಳಿಯುತ್ತದೆ ಎಂದು ಡಾಕ್ಟರು ಖಾತ್ರಿ ಕೊಟ್ಟಿರಲಿಲ್ಲ. ಅಕ್ಕ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಮಕ್ಕಳಿಗೆಂದು ಅವಳೇ ಕಟ್ಟಿದ ‘ಮಗ್ಗಿ ಪದ’ ಒಂದಿದೆ. ಎರಡರಿಂದ ಹತ್ತರವರೆಗಿನ ಮಗ್ಗಿಗಳು, ಭಜನೆಯ ಧಾಟಿಯಲ್ಲಿ. ಅವಳು ಹಾರ್ಮೋನಿಯಮ್ ನುಡಿಸುತ್ತ ‘ಎರಡೆರಡ್ಲ’ ಎಂದರೆ ಮಕ್ಕಳು ‘ನಾಕು’ ಎಂದು ಮುಗಿಸಬೇಕು. ಅವಳ ಕೈಯಲ್ಲಿ ಕಲಿತು ದೊಡ್ಡವರಾದವರು ಈಗಲೂ ಸಂತೆಯಲ್ಲಿ ಲೆಕ್ಕ ತಪ್ಪಿದರೆ ಬಾಯೊಳಗೇ ಆ ಪದ ಗುನುಗುತ್ತಾರೆ.

“ಆಪರೇಷನ್ ಬಗ್ಗೆ ನನಗೇನು ಚಿಂತಿಲ್ಲ. ನನ್ನ ಪಾಲಿಂದು ನೀನ ಮಾಡಾಕತ್ತೀಯಲ್ಲ,” ಎಂದಳು ಫೋನಿನಲ್ಲಿ. “ಆ ಪದ ಒಂದು ಹಿಡದಿಡು. ನಾಳಿ ನನ್ನ ದನಿ ಕಪ್ಪಿ ಒದರಿದಂಗ ಆತಂದ್ರ, ಮೊದಲು ಹಿಂಗಿತ್ತು ನೋಡ್ರಿ ಅಂತ ತೋರ್ಸಾಕರ ಬೇಕಲ್ಲ. ಆ ಡಬ್ಬಿ ತಂದು ವರ್ಷಾತು, ಅದಕ್ಕೇನು ಉಪ್ಪಿನಕಾಯಿ ಹಾಕೀಯೇನು?”

ಡಬ್ಬಿಯೆಂದರೆ ರೆಕಾರ್ಡರ್. ಒಂದೊಂದು ವಾದ್ಯವನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದು, ಆಮೇಲೆ ಬೇಕಾದ್ದನ್ನು ಏರಿಸಿ ಬೇಡದ್ದನ್ನು ಇಳಿಸಬಹುದಾದ, ಊಟದ ಡಬ್ಬಿಯಷ್ಟೇ ಇರುವ ಯಂತ್ರ. ಹಗರಿಬೊಮ್ಮನಹಳ್ಳಿಯ ನಮ್ಮ ಭಜನಾ ಮಂಡಳಿಗೆಂದು ತರಿಸಿದ್ದೆ. ಬಳಸಿದರೆ ಕೆಟ್ಟೀತು ಎಂದು ಪೆಟ್ಟಿಗೆಯಿಂದ ಹೊರಗೇ ತೆಗೆದಿರಲಿಲ್ಲ.

ಮಧ್ಯಾಹ್ನ ಅಕ್ಕ ದಾವಣಗೆರೆಯ ಆಸ್ಪತ್ರೆಗೆ ಹೊರಡುವವಳಿದ್ದಳು. ಗಂಟಲಿಗೆ ಆಯಾಸ ಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಪದ ಒಂದೇ ಸಲ. ಬೆಳಿಗ್ಗೆ ಅವಳ ಮನೆಯ ಪಡಸಾಲೆಯಲ್ಲಿ ನಾವು ನಾಲ್ವರು ಸೇರಿದೆವು. ಅಕ್ಕ, ನಾನು, ಹರಪನಹಳ್ಳಿಯಲ್ಲಿ ಮದುವೆ ಆರ್ಕೆಸ್ಟ್ರಾಕ್ಕೆ ಕೀಬೋರ್ಡ್ ನುಡಿಸುವ ಗೆಳೆಯ, ಮತ್ತೆ ತಬಲಾದವನು. ಈ ತಬಲಾದವನು ಒಂದು ಕಾಲಕ್ಕೆ ಅಕ್ಕನ ವಿದ್ಯಾರ್ಥಿ, ಈಗ ಲೈನ್‌ಮನ್. ಬರುವಾಗಲೇ ಒಂದು ದೊಡ್ಡ ಪೊಟ್ಟಣ ಮಂಡಕ್ಕಿ ತಂದಿದ್ದ. ಕುರುಕುರು ಸದ್ದು ಮೈಕಿಗೆ ಬಿದ್ದೀತೆಂದು ಅದನ್ನು ಒಯ್ದು ಅಡುಗೆಮನೆಯ ಮೇಲಿನ ಹಲಗೆಗೆ ಇಟ್ಟೆ.

“ಕರೆಂಟ್ ಹೋದ್ರ?” ಎಂದು ಕೇಳಿದೆ.

“ಕರೆಂಟ್ ತಗಿಯಾಂವ ನಾನ ಇಲ್ಲಿ ಕುಂತೀನಲ್ರಿ ಅಣ್ಣಾರ,” ಎಂದ.

ಅಕ್ಕನ ದನಿಗೆ ಒಂದು ಮೈಕು, ಹಾರ್ಮೋನಿಯಮ್ಮಿಗೆ ಒಂದು, ತಬಲಾಕ್ಕೆ ಒಂದು. ಸ್ಟ್ಯಾಂಡ್ ಒಂದೇ ಇದ್ದದ್ದರಿಂದ ತಬಲಾದ ಮೈಕನ್ನು ಅಕ್ಕನ ಹಳೇ ಕರಿಹಲಗೆಯ ಮೂರುಕಾಲಿಗೆ ಲೈನ್‌ಮನ್ನನ ಇನ್ಸುಲೇಷನ್ ಟೇಪಿನಿಂದ ಸುತ್ತಿದೆವು. ಹಾರ್ಮೋನಿಯಮ್ಮಿನ ಮೈಕನ್ನು ಮೊದಲು ತಿದಿಯ ಬದಿಗಿಟ್ಟೆ. ಹೆಡ್‌ಫೋನಿನಲ್ಲಿ ಸ್ವರಕ್ಕಿಂತ ಗಾಳಿಯೇ ಜೋರಾಗಿ, ಹಿತ್ತಲಲ್ಲಿ ಎಮ್ಮೆ ಉಸಿರಾಡಿದಂತೆ ಕೇಳಿತು. ಬೆರಳಾಡುವ ಮನೆಗಳ ಬದಿಗೆ ಸರಿಸಿದ ಮೇಲೆ ಎಮ್ಮೆ ಹೋಗಿ ಹಾರ್ಮೋನಿಯಮ್ ಬಂತು.

ಕೀಬೋರ್ಡಿಗೆ ಮೈಕು ಬೇಡ, ವಯರನ್ನೇ ನಾಲ್ಕನೇ ತೂತಿಗೆ ಸಿಕ್ಕಿಸಿದರಾಯಿತು. ಸಿಕ್ಕಿಸಿದೆ. ಗೆಳೆಯ ಒಂದು ಮನೆ ಒತ್ತಿದ್ದೇ ತಡ, ಕೆಂಪು ದೀಪ ಹತ್ತಿ, ಕಿವಿಯಲ್ಲಿ ಹಿಟ್ಟಿನ ಗಿರಣಿ ಶುರುವಾಯಿತು. ಡಬ್ಬಿಯ ಜೊತೆ ಬಂದಿದ್ದ ಪುಸ್ತಕ ತಿರುವಿದೆ. ಸ್ವಿಚ್ಚು ಮೈಕಿನ ಕಡೆಗಿತ್ತು, ಅದನ್ನು ವಯರಿನಲ್ಲೇ ಬರುವ ವಾದ್ಯಗಳಿಗೆಂದು ಇರುವ ‘ಲೈನ್’ ಕಡೆಗೆ ಹಾಕಬೇಕಿತ್ತು.

“ಕೀಬೋರ್ಡ್ ಲೈನಿಗೆ ಹಾಕ್ಬೇಕಂತ!” ಎಂದು ಜೋರಾಗಿ ಓದಿಬಿಟ್ಟೆ.

ಲೈನ್‌ಮನ್ ತಬಲಾ ಬಿಟ್ಟು ಹಾರಿ ಎದ್ದ. “ಏ ಏ ಅಣ್ಣಾರ, ಮುಟ್ಟಬ್ಯಾಡ್ರಿ! ಲೈನಿಗೆ ಹಾಕಿದ್ರ ಡಬ್ಬಿ ಅಷ್ಟ ಅಲ್ಲ, ನೀವೂ ಉಳಿಯಂಗಿಲ್ಲ!”

“ಇದು ಆ ಲೈನ್ ಅಲ್ಲ ಮಾರಾಯ, ಬೇರೆ ಐತೆ,” ಎಂದ ಕೀಬೋರ್ಡಿನವನು.

“ಇಷ್ಟು ವರ್ಷ ಕಂಬ ಹತ್ತೀನಿ, ನನಗ ಲೈನ್ ಅಂದ್ರೇನಂತ ಹೇಳ್ತೀಯೇನು?” ಎಂದು ಅವನು ಗೋಡೆಯ ಪ್ಲಗ್ಗಿಗೆ ಅಡ್ಡ ನಿಂತ.

ಅಕ್ಕ ಹಾರ್ಮೋನಿಯಮ್ಮಿನ ಹಿಂದಿನಿಂದ ತಲೆ ಎತ್ತಿದಳು. “ಲೇ, ಸಾಲ್ಯಾಗ ಪ್ರಾರ್ಥನಿಗೆ ಲೈನಿಗೆ ನಿಂದ್ರತಿದ್ದಿಲ್ಲ? ಶಾಕ್ ಹೊಡಿತಿತ್ತೇನು? ಕುಂದ್ರು.”

“ಹೂಂ ಟೀಚರ್,” ಎಂದು ಕುಳಿತುಬಿಟ್ಟ.

ಅವನ ಹೆದರಿಕೆ ಹೋಯಿತು, ಆದರೆ ಎಲ್ಲಿಗೂ ಹೋಗದೆ ನನಗೇ ಬಂದು ಸೇರಿತು. ಸ್ವಿಚ್ಚನ್ನು ಬೆರಳಿನಿಂದ ಸರಿಸದೆ ಅಕ್ಕನ ಮರದ ಸ್ಕೇಲಿನಿಂದ ಸರಿಸಿದೆ. ಗಿರಣಿ ನಿಂತಿತು, ಕೀಬೋರ್ಡ್ ಹಾಲಿನಂತೆ ಕೇಳಿತು.

“ನಿಂದು ಯಾವ ಟ್ರ್ಯಾಕು?” ಎಂದಳು ಅಕ್ಕ.

ನನ್ನದು ತಾಳ, ಜೊತೆಗೆ ಉಳಿದಿಬ್ಬರೊಡನೆ ಮಕ್ಕಳ ಬದಲು ಉತ್ತರ ಹೇಳುವುದು. “ನನ್ನ ಯಾವುದಕ್ಕೂ ಹಾಕೋದು ಬ್ಯಾಡ. ನನ್ನಿಂದ ಕೆಡೋದು ಬ್ಯಾಡ,” ಎಂದು ಮೂಲೆಯಲ್ಲಿ ನಿಂತೆ. ಫ್ಯಾನು ನಿಲ್ಲಿಸಿ ಕೆಂಪು ಬಟನ್ ಒತ್ತಿದೆ. ಒತ್ತಿದ್ದೇನೆಯೇ ಎಂದು ಮೂರು ಸಲ ಬಗ್ಗಿ ನೋಡಿದೆ.

ಪದ ಶುರುವಾಯಿತು. ಹೆಡ್‌ಫೋನಿನಲ್ಲಿ ಅಕ್ಕನ ದನಿ ನನ್ನ ತಲೆಯೊಳಗೇ ಕುಳಿತು ಹಾಡಿದಂತಿತ್ತು. ನಾಲ್ಕರ ಮಗ್ಗಿಯ ಹೊತ್ತಿಗೆ ಒಂದು ಗೊತ್ತಾಯಿತು. ಪ್ರತಿ ಮಗ್ಗಿಗೂ ಮುಂಚೆ ಅವಳು ಸಣ್ಣಗೆ ಉಗುಳು ನುಂಗುತ್ತಿದ್ದಳು. ಎದುರಿಗೆ ಕೂತವರಿಗೆ ಅದು ಕಾಣುತ್ತಿರಲಿಲ್ಲ, ಮೈಕಿಗೆ ಮಾತ್ರ ಕೇಳುತ್ತಿತ್ತು. ಚಿಂತಿಲ್ಲ ಎಂದಿದ್ದಳಲ್ಲ, ಇದೇನು ಹಾಗಾದರೆ? ಆರು ಮುಗಿಯಿತು. ನುಂಗಿದಳು. ಏಳು ಶುರುವಾಯಿತು. ನಾನು ಮುಂದಿನ ಆ ಸದ್ದಿಗೇ ಕಿವಿಗೊಟ್ಟು ನಿಂತಿದ್ದೆ.

“ಏಳೆಂಟ್ಲ,” ಎಂದಳು ಅಕ್ಕ.

“ಐವತ್ತಾರು,” ಎಂದರು ಇಬ್ಬರು.

“ಐವತ್ನಾಕು!” ಎಂದೆ ನಾನು, ಎಲ್ಲರಿಗಿಂತ ಜೋರಾಗಿ.

ಅಕ್ಕನ ಹುಬ್ಬು ಮೇಲೇರಿತು. ದನಿ ನಿಲ್ಲಲಿಲ್ಲ. ಹತ್ಹತ್ಲ ನೂರರವರೆಗೆ ಹೋಗಿಯೇ ಮುಗಿಸಿದಳು.

ತಕ್ಷಣ ಹಿಂದಕ್ಕೆ ತಿರುಗಿಸಿ ಕೇಳಿದೆವು. ಹಾರ್ಮೋನಿಯಮ್ ಇಳಿಸಿದೆ. ತಬಲಾ ಇಳಿಸಿದೆ. ಕೀಬೋರ್ಡ್ ಇಳಿಸಿದೆ. ಉಳಿದದ್ದು ಅಕ್ಕನ ದನಿ, ಅದರ ಬೆನ್ನಿಗೆ ಅವಳ ಮೈಕಿಗೇ ಬಿದ್ದು ಗಂಟೆ ಹೊಡೆದಂತೆ ನನ್ನ ಐವತ್ನಾಕು. ನನ್ನದೇ ಒಂದು ಟ್ರ್ಯಾಕು ಇದ್ದಿದ್ದರೆ ಇಳಿಸಬಹುದಿತ್ತೇನೋ. ಈಗ ನನ್ನನ್ನು ಅಳಿಸಬೇಕೆಂದರೆ ಅವಳನ್ನೇ ಅಳಿಸಬೇಕು.

“ಟೀಚರ್, ನಾನು ತಪ್ಪಿಲ್ಲ ನೋಡ್ರಿ,” ಎಂದ ಲೈನ್‌ಮನ್, ಅಡುಗೆಮನೆಯಿಂದ ಮಂಡಕ್ಕಿ ಇಳಿಸಿಕೊಂಡು ಬರುತ್ತ.

“ಇನ್ನೊಂದ್ಸಲ ಹಾಡ್ತೀಯೇನಕ್ಕ?” ಎಂದು ಕೇಳಿ, ಕೇಳಿದ್ದಕ್ಕೇ ನಾಚಿಕೊಂಡೆ.

“ಬಿಡಲೇ ತಮ್ಮಾ. ಪ್ರತಿ ವರ್ಷ ನನ್ನ ಕ್ಲಾಸಿನ್ಯಾಗ ಒಬ್ಬಾಂವ ಹಿಂಗ ಅಂತಿದ್ದ. ಅವನಿಲ್ಲಂದ್ರ ಪದ ಪೂರ್ತಿ ಅಲ್ಲ,” ಎಂದು ನಕ್ಕು, ಚೀಲ ಎತ್ತಿಕೊಂಡು ಹೊರಟಳು. ಏನೇನು ಕೆಡಬಹುದೆಂದು ಬರೆದಿದ್ದ ಹಾಳೆಯ ಎರಡೂ ಬದಿ ಹುಡುಕಿದೆ. ಏಳರ ಮಗ್ಗಿ ಅದರಲ್ಲಿರಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ದನಿಯೂ ಆಮೇಲೆ ಬಂತು, ಮೊದಲಿಗಿಂತ ಒಂದು ಸುತ್ತು ದಪ್ಪವಾಗಿ. ಆದರೆ ಮೊದಲ ಕೆಲವು ದಿನ ಮಾತಾಡಲೇಬಾರದು ಎಂದಿದ್ದರು. ಆಗ ಅಕ್ಕನ ದಿಂಬಿನ ಪಕ್ಕ ಒಂದು ಸ್ಲೇಟು, ಒಂದು ಬಳಪ. ಮೂರನೇ ದಿನ ನಾನು ಡಬ್ಬಿ ಒಯ್ದು, ಮಂಚದ ಮೇಲಿಟ್ಟು, ಪದ ಹಾಕಿದೆ. ಅಕ್ಕ ಕಣ್ಣು ಮುಚ್ಚಿ ಹೊದಿಕೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತ ತನ್ನ ದನಿ ತಾನೇ ಕೇಳಿದಳು. ಪಕ್ಕದ ಮಂಚದವರೂ ಎದ್ದು ಕೂತರು. ಆರು ಮುಗಿಯಿತು. ಏಳೆಂಟ್ಲ ಬರುವ ಹೊತ್ತಿಗೆ ಸರಿಯಾಗಿ ನಾನು ಜೋರಾಗಿ ಕೆಮ್ಮಿದೆ.

ಅಕ್ಕ ಒಂದು ಕಣ್ಣು ತೆರೆದಳು. ಸ್ಲೇಟು ಎಳೆದುಕೊಂಡು ಏನೋ ಬರೆದು, ಮೊದಲು ಪಕ್ಕದ ಮಂಚದವರಿಗೆ, ಆಮೇಲೆ ನರ್ಸಿಗೆ, ಕಡೆಗೆ ನನಗೆ ತಿರುಗಿಸಿ ಹಿಡಿದಳು. ದಪ್ಪ ಅಕ್ಷರದಲ್ಲಿ, ಅಡಿಗೆರೆ ಹಾಕಿ: ೫೬.