ಎರಡಡಿ ಆಳದ ಕೆಲಗೇರಿ ಕೆರೆ

ನನಗೆ ಈಜು ಬರುವುದಿಲ್ಲ. ಮಲಪ್ರಭಾ ದಂಡೆಯ ಊರಲ್ಲಿ ಬೆಳೆದ ನನ್ನ ಹೆಂಡತಿಗೆ ಬರುತ್ತದೆ. ಮದುವೆಯಾದಾಗಿನಿಂದ ಅವಳದೊಂದು ಆಸೆ: ಕೆಲಗೇರಿ ಕೆರೆಯ ನಟ್ಟನಡುವೆ ದೋಣಿ ನಿಲ್ಲಿಸಿ, ನನ್ನ ಜೊತೆ ಕೂತು ಚುರುಮುರಿ ತಿನ್ನಬೇಕು. ಮುಂದಿನ ವರ್ಷ ನೋಡೋಣ ಎನ್ನುತ್ತಲೇ ನಾನು ಐವತ್ತು ದಾಟಿದೆ. ಈಚೆಗೆ ಅವಳ ಅಣ್ಣ, ಮೀನು ಹಿಡಿಯುವ ಹುಚ್ಚು ಇಳಿದ ಮೇಲೆ, ತನ್ನ ಪುಟ್ಟ ಫೈಬರ್ ದೋಣಿಯನ್ನು ನಮಗೆ ಕೊಟ್ಟು ನನ್ನ ಕೊನೆಯ ನೆಪವನ್ನೂ ಕಿತ್ತುಕೊಂಡ.

ಕೊನೆಯದಲ್ಲ, ಇನ್ನೊಂದಿತ್ತು. "ಆಳ ಎಷ್ಟೈತಿ ಗೊತ್ತಿಲ್ದ ಹೆಂಗ ಹೋಗೂದು?" ಎಂದೆ.

"ಆಳ ತೊಗೊಂಡು ಏನ್ ಮಾಡ್ತೀರಿ? ದೋಣಿ ಮ್ಯಾಲ ತೇಲತೈತಿ, ತಳದಾಗ ನಡಿಯಂಗಿಲ್ಲ."

ಮಾತು ಸರಿಯೇ. ಆದರೂ ಸೋನಾರ್ ತರಿಸಿದೆ. ನೀರಿನೊಳಗೆ ಶಬ್ದ ಬಿಟ್ಟು, ತಳಕ್ಕೆ ಬಡಿದು ಮರಳುವ ಪ್ರತಿಧ್ವನಿಯಿಂದ ಆಳ ಹೇಳುವ ಯಂತ್ರ. ಎರಡಡಿಗಿಂತ ಕಡಿಮೆ ಹೇಳಲು ಅದಕ್ಕೆ ಬರುವುದಿಲ್ಲ. ಶಬ್ದ ಬಿಡುವ ಅಂಗೈಯಗಲದ ತುಂಡಿಗೆ ಟ್ರಾನ್ಸ್‌ಡ್ಯೂಸರ್ ಎನ್ನುತ್ತಾರೆ. ಅದನ್ನು ದೋಣಿಯ ಹಿಂಬದಿಗೆ, ಮುಖ ನೀರೊಳಗಿರುವಂತೆ ಕೂಡಿಸಬೇಕು. ಅಂದರೆ, ಮುಳುಗುವ ಭಯಕ್ಕೆ ನಾನು ಕಂಡುಕೊಂಡ ಪರಿಹಾರದ ಮೊದಲ ಕೆಲಸ ದೋಣಿಗೆ ತೂತು ಹಾಕುವುದು.

ಅಂಗಳದಲ್ಲಿ ದೋಣಿ ಬೋರಲು ಹಾಕಿ ಡ್ರಿಲ್ ಹಿಡಿದು ಕೂತೆ. ಪೆನ್ಸಿಲ್ಲಿನಿಂದ ಗುರುತು ಹಾಕಿದೆ, ಅಳಿಸಿದೆ, ಮತ್ತೆ ಹಾಕಿದೆ. ಹೆಂಡತಿ ಚಹಾ ತಂದಳು.

"ಇನ್ನೂ ತೂತು ಬಿದ್ದಿಲ್ಲೇನ್ರಿ?"

"ಅಳತಿ ನೋಡಾಕತ್ತೇನಿ."

"ನನ್ನ ನೋಡಾಕ ಬಂದಾಗೂ ಇಷ್ಟೊತ್ತು ನೋಡಿರಲಿಲ್ಲ ಬಿಡ್ರಿ."

ಅಂತೂ ಕೊರೆದೆ. ಸ್ಕ್ರೂ ಬಿಗಿದು, ಸುತ್ತಲೂ ಹೋಳಿಗೆಗೆ ತುಪ್ಪ ಸುರಿದಂತೆ ಸಿಲಿಕೋನ್ ಅಂಟು ಮೆತ್ತಿದೆ.

ಅದು ಒಣಗಿದ ಮೇಲೆ ದೋಣಿಯನ್ನು ಟೆಂಪೋದಲ್ಲಿ ಕೆರೆಗೆ ಒಯ್ದೆವು. ನೀರಿಗೆ ಇಳಿಸುವ ಮೊದಲು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. ಅದನ್ನು ಕಟ್ಟದೆ ನಮ್ಮ ಮನೆಯಿಂದ ಒಂದು ಸೈಕಲ್ಲೂ ಹೊರಬಿದ್ದಿಲ್ಲ. ದೋಣಿಯಲ್ಲಿ ಕಟ್ಟಲು ಬೇರೆ ಜಾಗ ಕಾಣದೆ, ಹಿಂಬದಿಯ ಆ ಹೊಸ ತುಂಡಿಗೇ ತಂತಿ ಸುತ್ತಿ ಬಿಗಿದೆ.

ಹೆಂಡತಿ ಹುಟ್ಟು ಹಾಕಿದಳು. ನಾನು ಲೈಫ್ ಜಾಕೆಟ್ ತೊಟ್ಟು ಪರದೆ ನೋಡುತ್ತ ಕೂತೆ. ಎರಡಡಿ ಎಂದಿತು. ದಂಡೆ ದೂರವಾಯಿತು. ಆಗಲೂ ಎರಡಡಿ. ಕೆಳಗೆ ಹಸಿರು ಕದಡಿದ ನೀರು; ತಳ ಕಾಣುವ ಮಾತೇ ಇಲ್ಲ.

"ಇಷ್ಟ ಏನು ಇದು? ಸುಮ್ನ ಹೆದರ್ಸಿದ್ರು ಮಂದಿ," ಎಂದು ಜಾಕೆಟ್ ಬಿಚ್ಚಿದೆ. ಹುಟ್ಟು ಇಸಕೊಂಡು ನಾನೇ ನಡುನೀರಿಗೆ ಒಯ್ದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಹೆಮ್ಮೆಯ ನಗು ಎಂದುಕೊಂಡೆ.

"ಮೊಣಕಾಲ ಮಟ ನೀರು. ಇಳದು ನಿಂತು ತೋರಸ್ಲೇನು?" ಎಂದು ಒಂದು ಕಾಲು ಹೊರಗೆ ಹಾಕಿದೆ.

ಅವಳ ನಗು ನಿಂತಿತು. ಅಂಗಿಯ ಕಾಲರ್ ಹಿಡಿದು ನನ್ನನ್ನು ಒಳಗೆ ಎಳೆದಳು. "ಹುಚ್ಚ ಹಿಡದೈತೇನ್ರಿ!" ಎಂದು ಹಿಂದಕ್ಕೆ ಬಾಗಿ, ನೀರಲ್ಲಿ ಕೈ ಹಾಕಿ ತಂತಿ ಬಿಚ್ಚಿದಳು. ನಿಂಬೆಹಣ್ಣು ಮೇಲೆ ಬಂತು. ಪರದೆ ಹದಿನೇಳಡಿ ಎಂದಿತು.

ಯಂತ್ರ ಅಷ್ಟು ಹೊತ್ತೂ ನಿಂಬೆಹಣ್ಣಿನ ಆಳ ಹೇಳುತ್ತಿತ್ತು.

ಜಾಕೆಟ್ಟಿನ ಗುಂಡಿ ಸಿಗಲೊಲ್ಲದು. ಅವಳೇ ಹಾಕಿಕೊಟ್ಟಳು.

"ಯಾವಾಗ ನೋಡಿದಿ?"

"ದಂಡಿ ಬಿಡೂಮುಂದನ."

"ಹೇಳಬಾರದಿತ್ತ?"

"ಹೇಳಿದ್ರ ಬರ್ತಿದ್ರೇನು?"

ಸುತ್ತ ನೋಡಿದೆ. ಎಲ್ಲ ದಂಡೆಗಳೂ ಅಷ್ಟಷ್ಟೇ ದೂರ. ಅವಳು ಡಬ್ಬಿ ತೆರೆದು ಚುರುಮುರಿಗೆ ಉಳ್ಳಾಗಡ್ಡಿ ಕಲಸತೊಡಗಿದಳು. ಮರಳೋಣ ಎನ್ನಲು ಬಾಯಿ ತೆರೆದವನು ಅವಳ ಮುಖ ನೋಡಿದೆ.

"ಆ ನಿಂಬಿಹಣ್ಣು ಮೊದಲ ಇದ್ದಲ್ಲೇ ಕಟ್ಟು," ಎಂದೆ.

ಕಟ್ಟಿದಳು. ಪರದೆ ಎರಡಡಿ ಎಂದಿತು. ಡಬ್ಬಿ ಖಾಲಿಯಾಗುವವರೆಗೂ ಅಲ್ಲೇ ಕೂತು ತಿಂದೆವು.