ಕಾಕಾ ಕಾಸಿದ ಡ್ರಿಲ್ ಬಿಟ್

ಮೊನ್ನೆ ಜೇವರ್ಗಿಯಲ್ಲಿ ಕಲ್ಲು ಕೊರೆಯುವ ಡ್ರಿಲ್ ಬಿಟ್ ಒಂದನ್ನು ಕೊಂಡೆ. ಅದರ ತುದಿಗೆ ಕೂಡಿಸಿದ್ದ ಬೂದುಬಣ್ಣದ ಚೂರು ನೋಡಿದ್ದೇ ತಡ, ಮಟಕಿ ಊರಿನ ನಮ್ಮ ಕಾಕಾ ನೆನಪಾಗಿ ನಗು ಬಂತು. ಹಿಂದೆಯೇ ಸಿಟ್ಟೂ ಬಂತು.

ನಮ್ಮ ಕಾಕಾ ಮಹಾಜ್ಞಾನಿಗಳು. ನೀವು ಕೇಳದಿದ್ದರೂ ಹೇಳುತ್ತಾರೆ, ಬೇಡವೆಂದರೆ ಎರಡು ಸಲ ಹೇಳುತ್ತಾರೆ. ಅವರ ಮನೆಯ ನಳ ಅಂಗಳದಲ್ಲಿತ್ತು. ಮಂಡಿನೋವಿನ ಕಾಕಿ ಕೊಡ ಹೊತ್ತು, ಎತ್ತರದ ಹೊಸ್ತಿಲು ದಾಟಿ ಅಡುಗೆಮನೆಗೆ ನೀರು ತರಬೇಕು. ಗೋಡೆಗೆ ತೂತು ಕೊರೆದು ಪೈಪು ಒಳಗೆ ತನ್ನಿ ಎಂಬುದೊಂದೇ ಅವಳ ಬೇಡಿಕೆ. ಆ ಗೋಡೆಯೋ, ಕೋಟೆಗೆ ಬೇಕಾದಷ್ಟು ಕಲ್ಲು ಹಾಕಿ ಅಜ್ಜ ಕಟ್ಟಿಸಿದ್ದು. ವರ್ಷಗಳ ಹಿಂದೆ ಕಾಕಾ ಅದನ್ನು ಅರ್ಧ ಕೊರೆಯುವಷ್ಟರಲ್ಲಿ ಬಿಟ್ ಮೊಂಡಾಯಿತು.

ನಮ್ಮ ಕಡೆ ಬಿತ್ತನೆಗೆ ಮುಂಚೆ ಕುಂಟೆಯ ಕಬ್ಬಿಣವೆಲ್ಲ ಕಂಬಾರನ ಕುಲುಮೆಗೆ ಹೋಗಿ, ಕಾದು, ನೀರಲ್ಲಿ ಮುಳುಗಿ ಗಟ್ಟಿಯಾಗಿ ಬರುತ್ತದೆ. ಕಾಕಾನಿಗೆ ಅಷ್ಟು ಸಾಕಾಯಿತು.

“ಬೆಂಕ್ಯಾಗ ಹಾಕಿದ್ರ ಎಲ್ಲಾ ಗಟ್ಟಿ ಆಗ್ತದಲೇ,” ಎಂದು ನನಗೆ ಪಾಠ ಹೇಳಿ, ಬಿಟ್ಟನ್ನು ಕುಲುಮೆಗೆ ಒಯ್ದರು. ಗಾಳಿ ಊದುವ ತಿದಿ ಒತ್ತಲು ನನ್ನನ್ನೇ ಕೂಡಿಸಿದರು. ನಾನೂ ಮಧ್ಯಾಹ್ನವಿಡೀ ಭಕ್ತಿಯಿಂದ ಒತ್ತಿದೆ.

ಮನೆಗೆ ತಂದು ನೋಡಿದರೆ ತುದಿ ಉಬ್ಬಿ ಬಿರಿದಿದೆ! ಮುಟ್ಟಿದರೆ ಹಸಿರು ಬೆರೆತ ಹಳದಿ ಪುಡಿ ಉದುರುತ್ತದೆ.

“ಅರಿಷಿಣ ಬಂತು. ಕುಂಕುಮ ಯಾವಾಗ ತರ್ತೀರಿ?” ಎಂದಳು ಕಾಕಿ.

ಆ ಚೂರು ಕಬ್ಬಿಣವಲ್ಲ, ಟಂಗ್‌ಸ್ಟನ್ ಕಾರ್ಬೈಡ್ ಎಂದು ಆಮೇಲೆ ಓದಿ ತಿಳಿದೆ. ಕಲ್ಲನ್ನೇ ಕೊರೆಯುವ ಗಟ್ಟಿ ಪದಾರ್ಥ, ಆದರೆ ಕೆಂಪಗೆ ಕಾಸಿ ಗಾಳಿ ಊದಿದರೆ ಗಾಳಿಯ ಆಮ್ಲಜನಕ ಹೀರಿ ಪುಡಿಯಾಗುತ್ತದೆ. ಅದರ ಸೋದರ ಸಿಲಿಕಾನ್ ಕಾರ್ಬೈಡ್ ಜಾಣ. ಅದು ಕಾದಾಗ ಮೈಮೇಲೆ ಗಾಜಿನಂಥ ತೆಳು ಪೊರೆ ಹೊದ್ದು, ಒಳಗೆ ಗಾಳಿ ಬಿಟ್ಟುಕೊಳ್ಳುವುದಿಲ್ಲ. ನಮ್ಮ ಕಾಕಾನೂ ಅದೇ ಜಾತಿ: ಅವರೊಳಗೆ ಬೇರೆಯವರ ಮಾತು ಇಳಿಯುವುದಿಲ್ಲ.

“ಮಾಲೇ ಖರಾಬ್ ಇತ್ತು,” ಎಂದು ತೀರ್ಪು ಕೊಟ್ಟ ಕಾಕಾ ಹೊಸ ಬಿಟ್ ತರಲಿಲ್ಲ, ಬೇರೆಯವರಿಗೆ ತರಲು ಬಿಡಲೂ ಇಲ್ಲ. ಯಾರಾದರೂ ತಂದರೆ ತಮ್ಮ ತಪ್ಪು ಒಪ್ಪಿದಂತೆ! ಕಾಕಿ ವರ್ಷಗಟ್ಟಲೆ ಕುಂಟುತ್ತ ನೀರು ಹೊತ್ತಳು. ಇದು ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ.

ಈ ಸಲ ನಾನು ಕಾಕಾನನ್ನು ಕೇಳಲಿಲ್ಲ. ಜೇವರ್ಗಿಯ ಬಿಟ್ ಹಿಡಿದು ನೇರ ಮಟಕಿಗೆ ಹೋಗಿ, ಆಗಾಗ ಆರಲು ಬಿಟ್ಟು, ಉಳಿದರ್ಧ ಕೊರೆದು ಪೈಪು ಒಳಗೆ ಎಳೆದೆ. ಸಂಜೆಗೆ ಅಡುಗೆಮನೆಯಲ್ಲಿ ನಳ ಸುರಿಯಿತು. ಕಾಕಿ ನೀರಿಗೆ ಕೈಯೊಡ್ಡಿದಳು, ಕಣ್ಣು ತುಂಬಿದ್ದವು.

ಕಾಕಾ ಒಂದು ಗುಟುಕು ಕುಡಿದು ಮುಖ ಕಿವುಚಿದರು. “ನೀರು ಸಪ್ಪಗ ಅವ.”

ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಕುಲುಮ್ಯಾಗ ಕಾಸ್ಕೊಂಡ್ ಬರ್ರಿ. ಹೊಸ್ತಿಲ ದಾಟಿ ಹೊರೋದು ಈಗ ನಿಮ್ಮ ಪಾಳಿ.”